ಗಂಟಿನ ತುಣುಕನ್ನು ಸಂಶೋಧನೆಗೆ ಕೊಡಬಹುದೇ?

ಕಳೆದ ಶ್ರಾವಣದಲ್ಲಿ ಶ್ರೀಮಠದ ಪ್ರವಚನ ಮುಗಿದ ಬಳಿಕ ತಾಯಿಯೊಬ್ಬರು ನಮ್ಮ ಬಳಿಗೆ ಬಂದು ಒಂದು ಕಾಗದವನ್ನು ತೋರಿಸಿದರು. ಅವರಿಗೆ ಸ್ತನದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ತೆಗೆದ ಗಂಟಿನ ತುಣುಕೊಂದನ್ನು ಕ್ಯಾನ್ಸರ್ ಸಂಶೋಧನೆಗೆ ಬಳಸಲು ಒಪ್ಪಿಗೆ ಕೇಳುವ ಪತ್ರ ಅದು. "ಇದಕ್ಕ ಸಹಿ ಮಾಡಿದ್ರ ನನಗೇನರ ತ್ರಾಸ ಆಗ್ತೈತೇನ್ರಿ ಡಾಕ್ಟರ?" ಎಂದರು. ಅವರಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು ಮೊದಲು ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ರೋಗನಿರ್ಣಯಕ್ಕೆ ಬೇಕಾದಷ್ಟನ್ನು ತೆಗೆದಿರಿಸಿಕೊಂಡ ಮೇಲೆ ಉಳಿದುದರಲ್ಲಿ ಸಂಶೋಧನೆಯ ಪಾಲು. ಅದನ್ನು ಫಾರ್ಮಲಿನ್‌ನಲ್ಲಿ ನೆನೆಯಿಸಿ ಮೇಣದ ಅಚ್ಚಿನಲ್ಲಿ ಹುದುಗಿಸುತ್ತಾರೆ, ಇಲ್ಲವೇ ಮೈನಸ್ 80 ಡಿಗ್ರಿ ಶೀತದಲ್ಲಿ ಕಾಪಿಡುತ್ತಾರೆ. ಮಿಕ್ಕ ಭಾಗವನ್ನು ಜೈವಿಕ ತ್ಯಾಜ್ಯ ನಿಯಮದಂತೆ ಸುಡುತ್ತಾರೆ ಅಥವಾ ಆಳವಾಗಿ ಹೂಳುತ್ತಾರೆ. ಹೀಗೆ ಕೊಡುವುದರಿಂದ ದೇಹಕ್ಕೆ ಹೊಸ ಗಾಯವೇನೂ ಆಗದು.

ಇದರಿಂದ ಫಲವುಂಟೇ? ಅಮೆರಿಕದ ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 189 ಸ್ತನ ಗಂಟುಗಳನ್ನು ಪರೀಕ್ಷಿಸಿ, 'ಹರ್-2' ಎಂಬ ವಂಶವಾಹಿ ಅತಿಯಾಗಿ ಬೆಳೆದಿದ್ದವರಲ್ಲಿ ರೋಗ ಬೇಗ ಮರುಕಳಿಸುವುದೆಂದು 1987ರಲ್ಲಿ ಪ್ರಕಟಿಸಿದರು. ಅದನ್ನೇ ಗುರಿಯಾಗಿಸಿದ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಇಂದು ನಮ್ಮೂರ ಹೆಣ್ಣುಮಕ್ಕಳ ವರದಿಯಲ್ಲೂ 'ಹರ್-2' ಎಂಬ ಸಾಲು ಇರುವುದು ಆ ಅಪರಿಚಿತ ಸ್ತ್ರೀಯರ ಗಂಟುಗಳ ದೆಸೆಯಿಂದ. ಆದರೆ ಹರ್-2 ಮತ್ತು ಎರಡು ಹಾರ್ಮೋನ್ ಗ್ರಾಹಕಗಳು, ಈ ಮೂರೂ ಇಲ್ಲದ ಬಗೆಯ ಸ್ತನ ಕ್ಯಾನ್ಸರ್ ಪಾಶ್ಚಾತ್ಯರಿಗಿಂತ ಭಾರತೀಯ ಸ್ತ್ರೀಯರಲ್ಲಿ ಹೆಚ್ಚು; ಅದಕ್ಕೆ ಔಷಧಗಳೂ ಕಡಿಮೆ. ಅದರ ಗುಟ್ಟನ್ನು ಪರದೇಶದವರ ಮಾದರಿಗಳಿಂದಷ್ಟೇ ಅರಿಯಲಾಗದು.

ಆದರೂ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಮನವೊಪ್ಪದೆ ಕೊಟ್ಟುದು ದಾಸೋಹವೆನಿಸದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಮಾದರಿಯ ಒಡೆತನ ರೋಗಿಯದೇ. ಮುಂದೆ ಬೇಡವೆನಿಸಿದರೆ ಹಿಂಪಡೆಯಬಹುದು. ನಿರಾಕರಿಸಿದರೆ ಚಿಕಿತ್ಸೆಯಲ್ಲಿ ಕೊರತೆ ಮಾಡುವಂತಿಲ್ಲ. ಪತಿಯೋ ಮಗನೋ ರುಜು ಮಾಡಿ ಮುಗಿಸುವ ಪರಿಪಾಠ ನಮ್ಮಲ್ಲುಂಟು, ಅದು ಸಲ್ಲದು. ಒಪ್ಪಿಗೆ ಆ ತಾಯಿಯದೇ ಆಗಬೇಕು, ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಇನ್ನೊಂದನ್ನು ಆಯುರ್ವೇದದವರಾದ ನಾವೇ ಹೇಳುವುದು ಲೇಸು. ಸುಶ್ರುತ ಸಂಹಿತೆಯಲ್ಲಿ ಅರ್ಬುದದ ವರ್ಣನೆಯಿದೆ ನಿಜ. ಆದರೆ ಸ್ತನದ ಗಂಟು ಯಾವ ಬಗೆಯದೆಂದು ನಾಡಿ ಹಿಡಿದು ತಿಳಿಯಲಾಗದು, ಬಯಾಪ್ಸಿ ಬೇಕು. ಸೂಜಿ ಚುಚ್ಚಿದರೆ ರೋಗ ಹಬ್ಬೀತೆಂದು ಅಂಜಿ, ಲೇಪ ಹಚ್ಚುತ್ತಾ ತಿಂಗಳುಗಟ್ಟಲೆ ಕಳೆದು, ಗಂಟು ಒಡೆದ ಮೇಲೆ ಬಂದವರನ್ನು ಕಂಡು ನಾವು ಮರುಗಿದ್ದೇವೆ. ಅಂಥ ಗಂಟಿಗೆ ಲೇಪ ಕೇಳಿ ನಮ್ಮಲ್ಲಿಗೆ ಬಂದರೆ ಮೊದಲು ಬಯಾಪ್ಸಿಗೇ ಕಳುಹಿಸುತ್ತೇವೆ.

ಆ ತಾಯಿ ಮಗನನ್ನು ಕರೆದು ಪತ್ರವನ್ನು ಮೊದಲಿನಿಂದ ಮತ್ತೊಮ್ಮೆ ಓದಿಸಿದರು. ರಕ್ತವನ್ನೂ ಪಡೆಯುವ ಸಾಲೊಂದು ಅದರಲ್ಲಿತ್ತು. ಎಷ್ಟು ರಕ್ತ, ಎಷ್ಟು ಬಾರಿ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳಿದ ಮೇಲೆಯೇ ರುಜು ಮಾಡುವೆನೆಂದು ಹೇಳಿ, ಕಾಗದವನ್ನು ಮಡಚಿಟ್ಟುಕೊಂಡರು.