ಸೂಯೆಜ್ ಕಾಲುವೆ ಕಲಿಸಿದ ಪಾಠ

ಮನುಷ್ಯರಿಗಿರುವಂತೆ ನಾಗರಿಕತೆಗಳಿಗೂ ಹುಟ್ಟು, ಬೆಳವಣಿಗೆ, ಮುಪ್ಪುಗಳುಂಟೆ? ಉಂಟೆಂದು ವಾದಿಸಿದವರಲ್ಲಿ ಜರ್ಮನಿಯ ಚಿಂತಕ ಆಸ್ವಾಲ್ಡ್ ಸ್ಪೆಂಗ್ಲರ್ ಪ್ರಸಿದ್ಧನಾದವನು. 1918 ರಲ್ಲಿ ಅವನು ‘ಪಶ್ಚಿಮದ ಅವನತಿ’ ಎಂಬ ಅರ್ಥದ ಹೆಸರುಳ್ಳ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದನು. ಸಂಸ್ಕೃತಿಗಳು ಗಿಡಮರಗಳಂತೆ ಚಿಗುರಿ, ಹೂಬಿಟ್ಟು, ಕೊನೆಗೆ ಬಾಡುತ್ತವೆ; ಪಶ್ಚಿಮದ ಸಂಸ್ಕೃತಿಗೆ ಬಾಡುವ ಕಾಲ ಸಮೀಪಿಸಿದೆ ಎಂಬುದು ಅವನ ಮತ. ಅಂದಿನ ಭೂಪಟವನ್ನು ನೋಡಿದವರಿಗೆ ಆ ಮಾತು ನಂಬುವಂತಿರಲಿಲ್ಲ. ಭೂಮಂಡಲದ ನೆಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬ್ರಿಟಿಷ್ ಸಾಮ್ರಾಜ್ಯವೊಂದಕ್ಕೇ ಸೇರಿದ್ದಿತು. ಅದನ್ನು ಸೂರ್ಯ ಮುಳುಗದ ಸಾಮ್ರಾಜ್ಯವೆಂದು ಕರೆಯುತ್ತಿದ್ದರು. ಆದರೆ 40 ವರ್ಷಗಳು ತುಂಬುವ ಮೊದಲೇ, ಮರಳುಗಾಡಿನ ನಡುವಣ ಒಂದು ಕಾಲುವೆಯ ದಡದಲ್ಲಿ, ಆ ಸಾಮ್ರಾಜ್ಯದ ಬಲವೆಷ್ಟೆಂಬುದು ಲೋಕಕ್ಕೆಲ್ಲ ತಿಳಿದುಹೋಯಿತು. ನಿಜವಾಗಿ ಅವನತಿ ಹೊಂದಿದ್ದು ಯಾವುದು ಎಂಬುದನ್ನು ಅರಿಯಲು ಆ ಕಾಲುವೆಯ ಕಥೆಯನ್ನು ತಿಳಿಯಬೇಕು.

ಈಜಿಪ್ಟಿನ ಸೂಯೆಜ್ ಕಾಲುವೆಯು ಮೆಡಿಟರೇನಿಯನ್ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಕೂಡಿಸುತ್ತದೆ. ಫ್ರಾನ್ಸಿನ ಫರ್ಡಿನಾಂಡ್ ದ ಲೆಸೆಪ್ಸ್ ಎಂಬಾತನ ಮುಂದಾಳುತನದಲ್ಲಿ 1859 ರಲ್ಲಿ ಅದರ ಅಗೆತ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಈಜಿಪ್ಟಿನ ಸಾವಿರಾರು ಬಡ ರೈತರನ್ನು ಬಲವಂತದಿಂದ ಆ ದುಡಿಮೆಗೆ ಹಚ್ಚಲಾಯಿತು. ಸುಡುಬಿಸಿಲಿನಲ್ಲಿ ಮರಳನ್ನು ಅಗೆದು ಹೊತ್ತವರಲ್ಲಿ ಅನೇಕರು ಪ್ರಾಣ ತೆತ್ತರು. 1869 ರ ನವೆಂಬರ್ 17 ರಂದು ಸುಮಾರು 164 ಕಿಲೋಮೀಟರ್ ಉದ್ದದ ಕಾಲುವೆ ಹಡಗುಗಳಿಗೆ ತೆರೆಯಿತು. ಆಫ್ರಿಕ ಖಂಡವನ್ನು ಬಳಸಿಕೊಂಡು ಬರಬೇಕಾಗಿದ್ದ ಹಡಗುಗಳು ಈ ಹೊಸ ಹಾದಿಯಿಂದ ಮುಂಬಯಿಯನ್ನು ಬಹು ಬೇಗ ತಲಪತೊಡಗಿದುವು. ಭಾರತವನ್ನು ಆಳುತ್ತಿದ್ದ ಬ್ರಿಟನ್ನಿಗೆ ಇದು ಜೀವನಾಡಿಯಾಯಿತು.

ಸಾಲದ ಹೊರೆಯಿಂದ ಕುಗ್ಗಿದ್ದ ಈಜಿಪ್ಟಿನ ಅರಸ ಇಸ್ಮಾಯಿಲನು 1875 ರಲ್ಲಿ ಕಾಲುವೆಯ ಕಂಪನಿಯಲ್ಲಿ ತನಗಿದ್ದ ಷೇರುಗಳನ್ನು ಮಾರಬೇಕಾಯಿತು. ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಅವುಗಳನ್ನು 40 ಲಕ್ಷ ಪೌಂಡುಗಳಿಗೆ ಕೊಂಡನು. ಷೇರುಗಳ ಹಿಂದೆಯೇ ಸೈನ್ಯವೂ ಬಂದಿತು. 1882 ರಲ್ಲಿ ಬ್ರಿಟಿಷರು ಈಜಿಪ್ಟನ್ನೇ ವಶಪಡಿಸಿಕೊಂಡರು. ಕಾಲುವೆ ಈಜಿಪ್ಟಿನ ನೆಲದಲ್ಲಿದ್ದರೂ ಅದರ ಲಾಭದ ಬಹುಭಾಗ ಪ್ಯಾರಿಸ್, ಲಂಡನ್ ನಗರಗಳನ್ನು ಸೇರುತ್ತಿದ್ದಿತು.

ಎರಡನೆಯ ಮಹಾಯುದ್ಧವು 1945 ರಲ್ಲಿ ಮುಗಿದಾಗ ಬ್ರಿಟನ್ ಗೆದ್ದ ಪಕ್ಷದಲ್ಲಿದ್ದಿತು. ಆದರೆ ಅದರ ಬೊಕ್ಕಸ ಬರಿದಾಗಿ, ಅಮೆರಿಕಕ್ಕೆ ಸಾಲಗಾರನಾಗಿದ್ದಿತು. 1947 ರಲ್ಲಿ ಭಾರತ ಸ್ವತಂತ್ರವಾಯಿತು. 1952 ರಲ್ಲಿ ಈಜಿಪ್ಟಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಉರುಳಿತು. ಕ್ರಾಂತಿಯ ನಾಯಕರಾದ ಗಮಾಲ್ ಅಬ್ದುಲ್ ನಾಸೆರ್ 1956 ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಕೊನೆಯ ಬ್ರಿಟಿಷ್ ಸೈನಿಕನು ಕಾಲುವೆಯ ಪ್ರದೇಶವನ್ನು ಬಿಟ್ಟು ಹೊರಟನು.

ನೈಲ್ ನದಿಗೆ ಆಸ್ವಾನ್ ಎಂಬಲ್ಲಿ ಭಾರಿ ಅಣೆಕಟ್ಟೊಂದನ್ನು ಕಟ್ಟಬೇಕೆಂಬುದು ನಾಸೆರ್ ಅವರ ಹಂಬಲ. ಅದಕ್ಕೆ ನೆರವು ನೀಡುವುದಾಗಿ ಹೇಳಿದ್ದ ಅಮೆರಿಕ ಮತ್ತು ಬ್ರಿಟನ್ನುಗಳು 1956 ರ ಜುಲೈ ತಿಂಗಳಲ್ಲಿ ಹಿಂದೆಗೆದುವು. ಅದೇ ತಿಂಗಳ 26 ರಂದು ನಾಸೆರ್ ಅಲೆಕ್ಸಾಂಡ್ರಿಯ ನಗರದಲ್ಲಿ ಮಹಾಜನಸ್ತೋಮವನ್ನು ಉದ್ದೇಶಿಸಿ ಮಾತನಾಡಿದರು. ಭಾಷಣದ ನಡುವೆ ‘ಲೆಸೆಪ್ಸ್’ ಎಂಬ ಹೆಸರು ಮತ್ತೆ ಮತ್ತೆ ಬಂದಿತು. ಅದು ಗುಪ್ತ ಸಂಕೇತವಾಗಿದ್ದಿತು. ಆ ಹೆಸರು ಕಿವಿಗೆ ಬಿದ್ದೊಡನೆ ಈಜಿಪ್ಟಿನ ಅಧಿಕಾರಿಗಳು ಕಾಲುವೆಯ ಕಚೇರಿಗಳನ್ನು ವಶಪಡಿಸಿಕೊಂಡರು. ಕಂಪನಿಯನ್ನು ರಾಷ್ಟ್ರೀಕರಿಸಲಾಗಿದೆ, ಷೇರುದಾರರಿಗೆ ಪರಿಹಾರ ಕೊಡಲಾಗುವುದು, ಕಾಲುವೆಯ ಆದಾಯ ಅಣೆಕಟ್ಟಿಗೆ ಸಲ್ಲುವುದು ಎಂದು ನಾಸೆರ್ ಘೋಷಿಸಿದರು.

ಈಜಿಪ್ಟಿನವರಿಂದ ಕಾಲುವೆಯನ್ನು ನಡೆಸಲಾಗದು ಎಂದು ಯೂರೋಪಿನಲ್ಲಿ ಹಲವರು ನಂಬಿದ್ದರು. ಇಕ್ಕಟ್ಟಾದ ಕಾಲುವೆಯಲ್ಲಿ ಹಡಗುಗಳಿಗೆ ದಾರಿ ತೋರಿಸುವುದು ನುರಿತ ‘ಪೈಲಟ್’ಗಳ ಕೆಲಸ, ಅವರಲ್ಲಿ ಹೆಚ್ಚಿನವರು ವಿದೇಶೀಯರು. ಸೆಪ್ಟೆಂಬರಿನ ನಡುವೆ ಅವರಲ್ಲಿ ಬಹುಮಂದಿ ಒಮ್ಮೆಗೇ ಕೆಲಸ ಬಿಟ್ಟು ಹೋದರು. ಉಳಿದ ಈಜಿಪ್ಟಿನ ಮತ್ತು ಗ್ರೀಸಿನ ಪೈಲಟ್‌ಗಳು ಹೊಸಬರೊಡನೆ ಸೇರಿ ಹಗಲಿರುಳೆನ್ನದೆ ದುಡಿದರು. ಹಡಗುಗಳ ಓಡಾಟ ನಿಲ್ಲಲಿಲ್ಲ. ಆಳಿಸಿಕೊಂಡವರಿಗೆ ಆಳುವ ಯೋಗ್ಯತೆಯಿಲ್ಲ ಎಂಬ ಹಳೆಯ ವಾದವು ಹೀಗೆ ಮಾತಿಲ್ಲದೆ ಖಂಡಿತವಾಯಿತು.

ಪಶ್ಚಿಮ ಯೂರೋಪಿಗೆ ಬೇಕಾದ ಎಣ್ಣೆಯ ಬಹುಭಾಗ ಈ ಕಾಲುವೆಯ ಮೂಲಕವೇ ಬರುತ್ತಿದ್ದಿತು. ಆದುದರಿಂದ ಬ್ರಿಟನ್ನಿನ ಪ್ರಧಾನಿ ಆಂಟನಿ ಈಡನ್ ಕಾಲುವೆಯನ್ನು ಬಲದಿಂದಲೇ ಮರಳಿ ಪಡೆಯಲು ನಿಶ್ಚಯಿಸಿದರು. ಅಕ್ಟೋಬರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ದೇಶಗಳು ಪ್ಯಾರಿಸ್ಸಿನ ಬಳಿಯ ಸೇವ್ರ್ ಎಂಬಲ್ಲಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡುವು. ಅದರಂತೆ 29 ರಂದು ಇಸ್ರೇಲಿನ ಸೈನ್ಯ ಸಿನಾಯ್ ಪ್ರದೇಶಕ್ಕೆ ನುಗ್ಗಿತು. ಕಾದಾಡುವವರನ್ನು ಬಿಡಿಸುವ ನೆಪದಿಂದ ಬ್ರಿಟನ್ ಮತ್ತು ಫ್ರಾನ್ಸುಗಳು ಈಜಿಪ್ಟಿನ ಮೇಲೆ ಬಾಂಬು ಸುರಿದು, ನವೆಂಬರ್ 5 ಮತ್ತು 6 ರಂದು ತಮ್ಮ ಸೈನಿಕರನ್ನು ಇಳಿಸಿದುವು. ಈಜಿಪ್ಟು ಕಾಲುವೆಯಲ್ಲಿ ಹಡಗುಗಳನ್ನು ಮುಳುಗಿಸಿ ಹಾದಿಯನ್ನು ಮುಚ್ಚಿಬಿಟ್ಟಿತು.

ರಣರಂಗದಲ್ಲಿ ಮೇಲುಗೈ ಆಕ್ರಮಣಕಾರರದೇ ಆಗಿದ್ದಿತು. ಆದರೂ ಅವರು ಸೋತರು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಕದನವಿರಾಮದ ನಿರ್ಣಯಕ್ಕೆ 64 ರಾಷ್ಟ್ರಗಳು ಒಪ್ಪಿಗೆಯಿತ್ತುವು. ವಿರೋಧಿಸಿದವು ಐದು ಮಾತ್ರ. ಭಾರತವು ದಾಳಿಯನ್ನು ಬಲವಾಗಿ ಖಂಡಿಸಿತು. ಸೋವಿಯತ್ ಒಕ್ಕೂಟ ಬೆದರಿಕೆಯ ಪತ್ರ ಬರೆಯಿತು. ಆದರೆ ಆ ಒಕ್ಕೂಟದ ಟ್ಯಾಂಕುಗಳೂ ಅದೇ ದಿನಗಳಲ್ಲಿ ಹಂಗೆರಿಯ ಜನರ ದಂಗೆಯನ್ನು ತುಳಿಯುತ್ತಿದ್ದುವು ಎಂಬುದನ್ನು ಮರೆಯುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾದ ಪೆಟ್ಟು ಗೆಳೆಯನಿಂದಲೇ ಬಂದಿತು. ದಾಳಿಯ ಸುದ್ದಿಯಿಂದ ಪೌಂಡಿನ ಮೇಲಣ ವಿಶ್ವಾಸ ಕುಸಿದು ಬ್ರಿಟನ್ನಿನ ಡಾಲರ್ ಸಂಗ್ರಹ ಕರಗತೊಡಗಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ಅದಕ್ಕೆ ನೆರವು ದೊರಕಬೇಕಾದರೆ ಅಮೆರಿಕದ ಬೆಂಬಲ ಬೇಕಾಗಿದ್ದಿತು. ಯುದ್ಧ ನಿಲ್ಲದೆ ಬೆಂಬಲವಿಲ್ಲವೆಂದಿತು ಐಸೆನ್‌ಹೋವರ್ ಅವರ ಸರಕಾರ. ನವೆಂಬರ್ 6 ರ ನಡುರಾತ್ರಿ ಗುಂಡಿನ ಸದ್ದು ನಿಂತಿತು. ಡಿಸೆಂಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಹಿಂದಿರುಗಿದುವು. 1957 ರ ಜನವರಿಯಲ್ಲಿ ಈಡನ್ ರಾಜೀನಾಮೆಯಿತ್ತರು. ಗಡಿಯಲ್ಲಿ ಶಾಂತಿ ಕಾಯಲು ಬಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು.

ಷೇರು ಕೊಳ್ಳಲು ಹಣವಿದ್ದ ದೇಶ 1875 ರಲ್ಲಿ ಕಾಲುವೆಯಲ್ಲಿ ಪಾಲು ಪಡೆಯಿತು. ಹಣಕ್ಕಾಗಿ ಇನ್ನೊಬ್ಬರ ಮುಖ ನೋಡಬೇಕಾದ ಅದೇ ದೇಶ 1956 ರಲ್ಲಿ ಕಾಲುವೆಯನ್ನು ಕಳೆದುಕೊಂಡಿತು. ಮುಂದಿನ ಬದಲಾವಣೆಗಳು ಬೇಗಬೇಗನೆ ಬಂದುವು. 1957 ರಲ್ಲಿ ಘಾನ ಸ್ವತಂತ್ರವಾಯಿತು. 1960 ರ ಒಂದೇ ವರ್ಷದಲ್ಲಿ ಆಫ್ರಿಕದ 17 ದೇಶಗಳು ಸ್ವಾತಂತ್ರ್ಯ ಪಡೆದುವು. ಯೂರೋಪು ಕಳೆದುಕೊಂಡ ಹಿರಿತನ ಮೊದಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳಿಗೆ ಸಂದಿತು. 1991 ರಲ್ಲಿ ಸೋವಿಯತ್ ಒಕ್ಕೂಟವೂ ಒಡೆಯಿತು. 2010 ರಲ್ಲಿ ಚೀನ ಜಪಾನನ್ನು ಹಿಂದಿಕ್ಕಿ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕ ಶಕ್ತಿಯಾಯಿತು. ಬಲವು ಒಂದೆಡೆ ನಿಲ್ಲುವ ವಸ್ತುವಲ್ಲ.

ಹಾಗಾದರೆ ಸ್ಪೆಂಗ್ಲರನ ಮಾತು ನಿಜವಾಯಿತೆ? 1956 ರ ನವೆಂಬರ್ 4 ರಂದು ಲಂಡನ್ನಿನ ಟ್ರಾಫಾಲ್ಗರ್ ಚೌಕದಲ್ಲಿ ಸಹಸ್ರಾರು ಜನ ನೆರೆದು, ತಮ್ಮ ಸರಕಾರವೇ ಹೂಡಿದ ಯುದ್ಧವನ್ನು ವಿರೋಧಿಸಿದರು. ತನ್ನವರು ತಪ್ಪಿದಾಗ ತಪ್ಪೆಂದು ಹೇಳುವ ಧೈರ್ಯ ಉಳಿದಿರುವ ನಾಗರಿಕತೆಯನ್ನು ಸತ್ತಿತೆನ್ನಲಾಗದು. ಪಶ್ಚಿಮವು ಬೆಳೆಸಿದ ವಿಜ್ಞಾನ, ವೈದ್ಯ, ಸಂಸದೀಯ ಪದ್ಧತಿಗಳನ್ನು ಸ್ವತಂತ್ರವಾದ ದೇಶಗಳು ಬಿಸುಡಲಿಲ್ಲ, ತಮ್ಮವನ್ನಾಗಿ ಮಾಡಿಕೊಂಡುವು. ಸೂಯೆಜ್‌ನಲ್ಲಿ ಅವನತಿ ಹೊಂದಿದ್ದು ನಾಗರಿಕತೆಯಲ್ಲ, ಪರರನ್ನು ಆಳುವುದು ತನ್ನ ಹಕ್ಕೆಂಬ ಹಮ್ಮು. ಇಂದು ಬಲಗೊಳ್ಳುತ್ತಿರುವ ರಾಷ್ಟ್ರಗಳೂ ಈ ಪಾಠವನ್ನು ನೆನೆಯಬೇಕಾಗಿದೆ. ಸಿರಿ ಕೈ ಬದಲಾಯಿಸುತ್ತದೆ, ಸೈನ್ಯಗಳು ಹಿಂದಿರುಗುತ್ತವೆ. ನ್ಯಾಯವಾಗಿ ನಡೆದುಕೊಂಡವರ ಹೆಸರು ಮಾತ್ರ ಉಳಿಯುತ್ತದೆ.

ಅಭ್ಯಾಸ

1. ಸೂಯೆಜ್ ಕಾಲುವೆಯು ಬ್ರಿಟನ್ನಿಗೆ ಜೀವನಾಡಿಯಾದುದು ಹೇಗೆ?
2. ಪೈಲಟ್‌ಗಳ ಪ್ರಸಂಗದಿಂದ ಯಾವ ವಾದ ಖಂಡಿತವಾಯಿತು?
3. ರಣರಂಗದಲ್ಲಿ ಮೇಲುಗೈಯಿದ್ದರೂ ಬ್ರಿಟನ್ ಹಿಂದೆಗೆಯಲು ಕಾರಣಗಳೇನು?
4. ‘ಬಲವು ಒಂದೆಡೆ ನಿಲ್ಲುವ ವಸ್ತುವಲ್ಲ’ – ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.