ಗುಟ್ಟು ಕೀಲಿಯಲ್ಲಿರಲಿ: ವಿಪಿಎನ್ ಒಡಂಬಡಿಕೆಯ ಆಯ್ಕೆ

‘ಪ್ರೊಟೊಕಾಲ್’ ಎಂಬುದಕ್ಕೆ ಆಡಳಿತ ಕನ್ನಡದಲ್ಲಿ ‘ಶಿಷ್ಟಾಚಾರ’ ಎಂಬ ಪದ ರೂಢಿಯಲ್ಲಿದೆ. ಮಂತ್ರಿಗಳು ಬಂದಾಗ ಯಾರು ಎದುರುಗೊಳ್ಳಬೇಕು, ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಕಟ್ಟಳೆಗೆ ಅದು ಹೊಂದುತ್ತದೆ. ಕಂಪ್ಯೂಟರುಗಳ ವಿಷಯಕ್ಕೆ ಬಂದಾಗ ಅದು ಸಾಲದು. ಅಲ್ಲಿ ಪ್ರೊಟೊಕಾಲ್ ಎಂದರೆ ಎರಡು ಯಂತ್ರಗಳು ಮಾತಿಗೆ ತೊಡಗುವ ಮುನ್ನ ಮಾಡಿಕೊಳ್ಳುವ ಕರಾರು: ನೀನು ಯಾರೆಂದು ಹೇಗೆ ಸಾಬೀತುಪಡಿಸುವೆ, ನಮ್ಮ ಮಾತನ್ನು ಯಾವ ಗೂಢಲಿಪಿಯಲ್ಲಿ ಬರೆಯೋಣ, ಕೀಲಿಯನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸೋಣ? ಆದುದರಿಂದ ಇಲ್ಲಿ ‘ಒಡಂಬಡಿಕೆ’ ಎಂಬ ಪದವನ್ನೇ ಬಳಸಲಾಗಿದೆ.

ಕನ್ನಡ ಐಚ್ಛಿಕ ಓದಿದವರಿಗೆ ಇದೇಕೆ ಎಂದು ಕೇಳಬಹುದು. ಸಹಕಾರ ಸಂಘಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ವ್ಯಾಪಾರ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಮಾರಾಟಗಾರರ ತಾಂತ್ರಿಕ ಕರಪತ್ರವನ್ನು ಓದಿ, ಅದರ ಸಾರವನ್ನು ಕನ್ನಡದಲ್ಲಿ ಟಿಪ್ಪಣಿಯಾಗಿ ಮಂಡಿಸುವ ಹೊಣೆ ಬರುವುದುಂಟು. ಆಗ ಪದಗಳ ಹಿಂದಿರುವ ವಸ್ತು ತಿಳಿಯದಿದ್ದರೆ ಟಿಪ್ಪಣಿಯು ಕರಪತ್ರದ ಪ್ರತಿಧ್ವನಿಯಾಗುತ್ತದೆ.

ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಬದಿಯಡ್ಕದಲ್ಲಿ ಅಡಿಕೆ ಖರೀದಿ ಕೇಂದ್ರ, ಕುಂಬಳೆಯಲ್ಲಿ ಗೋದಾಮು, ಮಂಗಳೂರಿನಲ್ಲಿ ಲೆಕ್ಕಪತ್ರದ ಕಚೇರಿ; ಎಲ್ಲ ಸೇರಿ ಹದಿನೈದು ನೌಕರರು. ಬದಿಯಡ್ಕದಲ್ಲಿ ತೂಗಿದ ಅಡಿಕೆಯ ಲೆಕ್ಕ, ಬೆಳೆಗಾರರ ಬ್ಯಾಂಕ್ ಖಾತೆಯ ಸಂಖ್ಯೆ, ಮರುದಿನದ ಖರೀದಿ ದರ ಎಲ್ಲವೂ ಮಂಗಳೂರಿನ ಸರ್ವರ್‌ಗೆ ತಲುಪಬೇಕು. ನಡುವೆ ಇರುವುದು ಎಲ್ಲರೂ ಬಳಸುವ ಅಂತರಜಾಲ. ವಿಪಿಎನ್ ಎಂಬ ವ್ಯವಸ್ಥೆಯು ಆ ಸಾರ್ವಜನಿಕ ಹಾದಿಯಲ್ಲೇ ಸಂಸ್ಥೆಗೆ ಒಂದು ಖಾಸಗಿ ಸಂಪರ್ಕವನ್ನು ಕಲ್ಪಿಸುತ್ತದೆ. ವಿದೇಶದ ಚಲನಚಿತ್ರ ನೋಡಲೆಂದು ತಿಂಗಳ ಚಂದಾಕ್ಕೆ ಮಾರುವ ವಿಪಿಎನ್ ಸೇವೆಗಳು ಬೇರೆ. ಇಲ್ಲಿನ ಪ್ರಶ್ನೆ ಒಂದೇ ಸಂಸ್ಥೆಯ ಕಚೇರಿಗಳನ್ನು ಬೆಸೆಯುವುದು.

ಈ ಸಂಪರ್ಕವನ್ನು ‘ಸುರಂಗ’ ಎಂದು ಕರೆಯುವ ವಾಡಿಕೆಯಿದೆ. ರೂಪಕ ಚೆನ್ನಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಸುರಂಗವೆಂದೊಡನೆ ಕಲ್ಲಿನ ಗೋಡೆ, ಬೇರೆಯವರು ಕಾಲಿಡಲಾಗದ ದಾರಿ ಕಣ್ಣಿಗೆ ಕಟ್ಟುತ್ತದೆ. ವಾಸ್ತವದಲ್ಲಿ ಪ್ರತ್ಯೇಕ ದಾರಿಯೇ ಇಲ್ಲ. ನಡೆಯುವುದು ಇಷ್ಟೆ: ಒಳಗಿನ ಪತ್ರವನ್ನು ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಲಕೋಟೆಯೊಳಗಿಟ್ಟು, ಅದೇ ಅಂಚೆಯಲ್ಲಿ ಕಳುಹಿಸುವುದು. ಹೊರಗಿನ ವಿಳಾಸ ಎಲ್ಲರಿಗೂ ಕಾಣುತ್ತದೆ. ಲಕೋಟೆಯನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಬಿಡಿಸಲು ಯತ್ನಿಸುವುದಕ್ಕೂ ಅಡ್ಡಿಯಿಲ್ಲ. ಆದುದರಿಂದ ಭದ್ರತೆಯೆಲ್ಲ ಆ ಮುದ್ರೆಯ ಗಟ್ಟಿತನದ ಮೇಲೆ, ಎಂದರೆ ಒಡಂಬಡಿಕೆಯ ಮೇಲೆ ನಿಂತಿದೆ.

ಮುದ್ರೆ ಗಟ್ಟಿಯಾಗಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ಒಬ್ಬ ಭಾಷಾ ಅಧ್ಯಾಪಕ ಎಂಬುದು ನಮಗೆ ಸಂತೋಷದ ಸಂಗತಿ. ಡಚ್ ಮೂಲದ ಆಗಸ್ಟ್ ಕೆರ್ಕಾಫ್ಸ್ ಪ್ಯಾರಿಸ್ಸಿನಲ್ಲಿ ಭಾಷೆ ಕಲಿಸುತ್ತಿದ್ದವನು. ವೊಲಾಪುಕ್ ಎಂಬ ಕೃತಕ ಭಾಷೆಯ ಪ್ರಚಾರಕನೂ ಹೌದು. 1883ರಲ್ಲಿ ಸೈನ್ಯದ ಗೂಢಲಿಪಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಅವನು ಒಂದು ನಿಯಮವನ್ನು ಮುಂದಿಟ್ಟನು: ವ್ಯವಸ್ಥೆಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು. ಇದರಿಂದ ನಮಗೆ ಬೇಕಾದ ಅಳತೆಗೋಲು ಹೊರಡುತ್ತದೆ. ರಚನೆ ಬಹಿರಂಗವಾಗಿರಬೇಕು, ತಿಳಿದವರು ಅದನ್ನು ಮುರಿಯಲು ಯತ್ನಿಸಿ ಸೋತಿರಬೇಕು. ‘ನಮ್ಮದೇ ರಹಸ್ಯ ತಂತ್ರಜ್ಞಾನ’, ‘ಮಿಲಿಟರಿ ದರ್ಜೆಯ ಭದ್ರತೆ’ ಎಂಬ ಮಾತುಗಳು ಕರಪತ್ರದಲ್ಲಿ ಕಂಡರೆ ಅವು ಏನನ್ನೂ ಹೇಳಿದಂತಾಗಲಿಲ್ಲ.

ಈ ಅಳತೆಗೋಲಿಗೆ ಮೊದಲು ಬಲಿಯಾಗುವುದು ಪಿಪಿಟಿಪಿ. ಮೈಕ್ರೋಸಾಫ್ಟ್ ಮತ್ತಿತರ ಕಂಪನಿಗಳು 1990ರ ದಶಕದಲ್ಲಿ ರೂಪಿಸಿದ ಈ ಒಡಂಬಡಿಕೆ ವಿಂಡೋಸ್‌ನೊಂದಿಗೇ ಬರುತ್ತಿತ್ತು, ಸ್ಥಾಪಿಸಲು ಸುಲಭ, ವೇಗವೂ ಇತ್ತು. 1998ರಲ್ಲಿಯೇ ಬ್ರೂಸ್ ಷ್ನೈಯರ್ ಮತ್ತು ಮಡ್ಜ್ ಎಂಬ ಹೆಸರಿನ ಸಂಶೋಧಕ ಮೈಕ್ರೋಸಾಫ್ಟ್ ರೂಪದಲ್ಲಿದ್ದ ಬಿರುಕುಗಳನ್ನು ತೋರಿಸಿದರು. ತೇಪೆ ಹಾಕಲಾಯಿತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೇಪೆಯನ್ನೂ ಕಿತ್ತರು. ಪಿಪಿಟಿಪಿಯೊಂದಿಗೆ ಸಾಮಾನ್ಯವಾಗಿ ಬಳಸುವ ಗುರುತು ಪರೀಕ್ಷೆಯ ಕ್ರಮವು ಕೊನೆಗೆ 56 ಬಿಟ್‌ಗಳ ಒಂದೇ ಒಂದು ಹಳೆಯ ಕೀಲಿಗೆ ಇಳಿಯುತ್ತದೆ, ಅದಕ್ಕೆಂದು ಕಟ್ಟಿದ ಯಂತ್ರ ಅದನ್ನು ಒಂದು ದಿನದೊಳಗೆ ಹುಡುಕಿಬಿಡುತ್ತದೆ ಎಂದು ಅವರು ಮಾಡಿ ತೋರಿಸಿದರು. ಪಾಸ್‌ವರ್ಡ್ ಎಷ್ಟೇ ಉದ್ದವಾಗಿದ್ದರೂ ಫಲವಿಲ್ಲ. ದೋಷ ಇರುವುದು ಬೀಗದ ರಚನೆಯಲ್ಲಿ. ಆಪಲ್ 2016ರಲ್ಲಿ ತನ್ನ ಫೋನು, ಕಂಪ್ಯೂಟರುಗಳಿಂದ ಪಿಪಿಟಿಪಿಯನ್ನು ತೆಗೆದುಹಾಕಿತು. ಹಳೆಯ ರೂಟರುಗಳ ಪಟ್ಟಿಯಲ್ಲಿ ಆ ಹೆಸರು ಇನ್ನೂ ಕಾಣಸಿಗುತ್ತದೆ. ‘ಇಷ್ಟು ವರ್ಷ ನಡೆದುಕೊಂಡು ಬಂದಿದೆ’ ಎಂಬ ವಾದಕ್ಕೆ ಮಣಿಯಬಾರದು.

ಎಲ್‌2ಟಿಪಿ ಎಂಬುದರ ಬಗ್ಗೆ ಎರಡು ಮಾತು ಸಾಕು. ಅದಕ್ಕೆ ಸ್ವಂತ ಗೂಢಲಿಪಿಯೇ ಇಲ್ಲ. ಐಪಿಸೆಕ್ ಎಂಬ ಇನ್ನೊಂದರ ಆಸರೆ ಬೇಕು. ಹಾಗಿದ್ದಮೇಲೆ ಐಪಿಸೆಕ್ ಅನ್ನೇ ಐಕೆಇ ಎರಡನೆಯ ಆವೃತ್ತಿಯೊಂದಿಗೆ ಬಳಸುವುದು ಮೇಲು.

ಉಳಿಯುವವು ಮೂರು, ಮೂರೂ ಗಟ್ಟಿ. ಐಕೆಇ ಎರಡನೆಯ ಆವೃತ್ತಿ 2005ರಲ್ಲಿ ಮೊದಲು ಪ್ರಕಟವಾಗಿ 2014ರಲ್ಲಿ ಪರಿಷ್ಕರಣಗೊಂಡ ಮುಕ್ತ ಮಾನಕ. ಪರಿಚಿತ ಫೋನು, ಕಂಪ್ಯೂಟರುಗಳಲ್ಲಿ ಬಹುಪಾಲು ಅದು ಮೊದಲೇ ಇರುತ್ತದೆ. ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೊರಳಿದರೂ ಸಂಪರ್ಕ ಕಡಿಯದಂತೆ ಉಳಿಸುವ ಏರ್ಪಾಡು ಅದಕ್ಕುಂಟು. ಆದರೆ ಅದರಲ್ಲಿ ಆಯ್ಕೆಗಳು ಬಹಳ. ಹಳೆಯ, ದುರ್ಬಲ ಗೂಢಲಿಪಿಯನ್ನು ಒಪ್ಪಿಕೊಳ್ಳುವಂತೆ ತಪ್ಪಾಗಿ ಹೊಂದಿಸಿದರೆ ಯಂತ್ರ ತಕರಾರು ಮಾಡುವುದಿಲ್ಲ.

ಓಪನ್‌ವಿಪಿಎನ್ ಜೇಮ್ಸ್ ಯೋನನ್ ಬರೆದದ್ದು, 2001ರಲ್ಲಿ ಹೊರಬಂತು. ಮಧ್ಯ ಏಷ್ಯಾದಲ್ಲಿ ಪ್ರಯಾಣಿಸುತ್ತ, ನಂಬಿಕೆಯಿಲ್ಲದ ಜಾಲಗಳ ಮೂಲಕ ತನ್ನ ಕಚೇರಿಯನ್ನು ಸಂಪರ್ಕಿಸಬೇಕಾಗಿ ಬಂದಾಗ ಅವನಿಗೆ ಇದರ ಅಗತ್ಯ ಕಂಡಿತು. ಸುರಕ್ಷಿತ ಜಾಲತಾಣಗಳು ಬಳಸುವ ಬಾಗಿಲಿನಲ್ಲೇ ಇದು ಹಾದುಹೋಗಬಲ್ಲದು. ಆದುದರಿಂದ ಹೋಟೆಲು, ಆಸ್ಪತ್ರೆಗಳ ಬಿಗಿಯಾದ ಜಾಲಗಳಲ್ಲೂ ಬಹಳಮಟ್ಟಿಗೆ ಕೆಲಸ ಮಾಡುತ್ತದೆ. ಗಾತ್ರವೇ ಇದರ ಭಾರ. ತಾನು ಅವಲಂಬಿಸಿದ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯವೂ ಸೇರಿದರೆ ಲಕ್ಷಗಟ್ಟಲೆ ಸಾಲುಗಳ ಬರಹ. 2014ರಲ್ಲಿ ಆ ಗ್ರಂಥಾಲಯದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದಾಗ ಓಪನ್‌ವಿಪಿಎನ್ ಕೂಡ ಅದಕ್ಕೆ ಸಿಲುಕಿತು.

ವೈರ್‌ಗಾರ್ಡ್ ಜೇಸನ್ ಡೊನೆನ್‌ಫೆಲ್ಡ್‌ನ ಕೃತಿ. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರೊಳಗೆ ಸೇರಿತು. ಅದರ ತಿರುಳು ಸುಮಾರು 4,000 ಸಾಲು. ಒಬ್ಬ ತಜ್ಞ ಕುಳಿತು ಓದಿ ಮುಗಿಸಬಹುದಾದಷ್ಟು. ಗೂಢಲಿಪಿ ಯಾವುದಿರಬೇಕೆಂಬ ಚೌಕಾಸಿಗೆ ಅಲ್ಲಿ ಎಡೆಯೇ ಇಲ್ಲ, ಒಂದೇ ಕಟ್ಟು. ಆದುದರಿಂದ ದುರ್ಬಲವಾದುದನ್ನು ಆರಿಸುವ ತಪ್ಪು ಸಂಭವಿಸದು. ಒಡಂಬಡಿಕೆಯೊಂದು ಆಯ್ಕೆಗಳನ್ನು ಕಡಿಮೆ ಮಾಡುವುದೇ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ, ಮುಖ್ಯವಾಗಿ ಪೂರ್ಣಾವಧಿ ತಂತ್ರಜ್ಞರಿಲ್ಲದ ಕಚೇರಿಗಳಿಗೆ. ಕೊರತೆಯೂ ಇದೆ: ಕೆಲವು ಬಿಗಿಯಾದ ಜಾಲಗಳು ಇದನ್ನು ತಡೆಯುತ್ತವೆ, ಇದು ಗುರುತಿಸುವುದು ಸಾಧನವನ್ನು, ಮನುಷ್ಯನನ್ನಲ್ಲ.

ನಮ್ಮ ಅಡಿಕೆ ಸಂಸ್ಥೆಗೆ ವೈರ್‌ಗಾರ್ಡ್ ತಕ್ಕದ್ದು. ಹದಿನೈದು ಸಾಧನಗಳಿಗೆ ಹದಿನೈದು ಕೀಲಿ. ಫೋನು ಕಳೆದರೆ ಅಥವಾ ನೌಕರ ಕೆಲಸ ಬಿಟ್ಟರೆ ಸರ್ವರ್‌ನಲ್ಲಿ ಒಂದು ನಮೂದು ಅಳಿಸಿದರೆ ಮುಗಿಯಿತು. ಮಂಗಳೂರಿನ ತುದಿಗೆ ಹೊರಗಿನಿಂದ ತಲುಪಬಲ್ಲ ಸ್ಥಿರ ವಿಳಾಸವನ್ನು ಅಂತರಜಾಲ ಕಂಪನಿಯಿಂದ ಕೇಳಿ ಪಡೆಯಬೇಕು. ಬಿಗಿ ಜಾಲಗಳಿಂದ ಕೆಲಸ ಮಾಡುವ ಒಬ್ಬಿಬ್ಬರಿಗೆ ಓಪನ್‌ವಿಪಿಎನ್ ಜೊತೆಗಿರಲಿ. ನೂರಾರು ನೌಕರರ ಸಂಸ್ಥೆಯಾಗಿದ್ದರೆ, ಪ್ರತಿಯೊಬ್ಬರ ಪ್ರವೇಶವನ್ನು ಪ್ರಮಾಣಪತ್ರಗಳಿಂದ ನಿಯಂತ್ರಿಸಬೇಕಾದಲ್ಲಿ, ಐಕೆಇಯ ಕಡೆಗೆ ವಾಲುವುದು ಸರಿ.

ಇಷ್ಟಾದರೂ ಒಡಂಬಡಿಕೆಯೊಂದೇ ಕಾಯುವುದಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಒಯ್ಯುವ ಕಲೋನಿಯಲ್ ಪೈಪ್‌ಲೈನ್ ಕೆಲವು ದಿನ ನಿಂತುಹೋಯಿತು. ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ತೆತ್ತಿತು. ದಾಳಿಕೋರರು ಯಾವ ಗೂಢಲಿಪಿಯನ್ನೂ ಒಡೆಯಲಿಲ್ಲ. ಬಳಕೆಯಿಂದ ಬಿಟ್ಟಿದ್ದರೂ ಮುಚ್ಚದೇ ಉಳಿದ ಹಳೆಯ ವಿಪಿಎನ್ ಖಾತೆಯೊಂದು ಇತ್ತು. ಅದರ ಪಾಸ್‌ವರ್ಡ್ ಸೋರಿತ್ತು. ಎರಡನೆಯ ಹಂತದ ಪರೀಕ್ಷೆ ಇರಲಿಲ್ಲ.

ಕಾನೂನಿನ ಒಂದಂಶವನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕು. ಸರ್ಟ್‌-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಸಂಸ್ಥೆಗಳು ತಮ್ಮ ಸ್ವಂತಕ್ಕೆ ಕಟ್ಟಿಕೊಂಡ ವಿಪಿಎನ್‌ಗೆ ಆ ಷರತ್ತು ಅನ್ವಯಿಸದೆಂದು ಅನಂತರ ಸ್ಪಷ್ಟಪಡಿಸಲಾಯಿತು. ಆದರೆ ನಿರ್ದೇಶನದಲ್ಲಿ ಪಟ್ಟಿಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡುವ, ಯಂತ್ರಗಳ ದಾಖಲೆಗಳನ್ನು 180 ದಿನ ಕಾಯ್ದಿಡುವ ಹೊಣೆ ಕಂಪನಿಗಳಿಗೂ ಇದೆ.

ಅಭ್ಯಾಸ: ಮೇಲಿನ ಅಡಿಕೆ ಸಂಸ್ಥೆಯ ಮಾಲೀಕರು ಕಂಪ್ಯೂಟರ್ ಬಲ್ಲವರಲ್ಲ, ಹಳೆಯ ಪಿಪಿಟಿಪಿ ಸಂಪರ್ಕವನ್ನು ಬದಲಿಸಲು ಅವರಿಗೆ ಮನಸ್ಸಿಲ್ಲ. ಅವರನ್ನು ಒಪ್ಪಿಸುವಂತೆ ಒಂದು ಪುಟದ ಟಿಪ್ಪಣಿ ಬರೆಯಿರಿ. ‘ಸುರಂಗ’ ಎಂಬ ಪದವನ್ನು ಬಳಸಬೇಡಿ.