ಗುಂಡು ತಗುಲಿದ ಕ್ಷಣ ಯಾವುದು?

ಈಗ ನಮ್ಮ ಕಣ್ಣನ್ನು ಸೇರುತ್ತಿರುವ ಸೂರ್ಯನ ಬೆಳಕು ಸುಮಾರು ೮ ನಿಮಿಷ ೨೦ ಸೆಕೆಂಡುಗಳ ಹಿಂದೆ ಅಲ್ಲಿಂದ ಹೊರಟುದು. ಆದುದರಿಂದ ನಾವು ಕಾಣುವುದು ಈಗಿನ ಸೂರ್ಯನನ್ನಲ್ಲ, ಆಗಿನ ಸೂರ್ಯನನ್ನು. ಈ ಮಾತನ್ನು ಶಾಲೆಯ ಪಾಠಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಇದೇ ತೊಡಕು, ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಕಿರಿದಾಗಿ, ಗಣಕಯಂತ್ರದ ಮುಂದೆ ಕುಳಿತು ಆಡುವ ಒಂದು ಆಟದಲ್ಲಿಯೂ ತಲೆದೋರುತ್ತದೆ. ಅಲ್ಲಿ ಅದು ಸೋಲುಗೆಲುವುಗಳನ್ನೇ ನಿರ್ಣಯಿಸಬಲ್ಲದು. ಆ ಆಟದ ಹೆಸರು ‘ಕೌಂಟರ್-ಸ್ಟ್ರೈಕ್’.

ಆಟದ ಸ್ವರೂಪ

ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ೧೯೯೯ರಲ್ಲಿ ‘ಹಾಫ್-ಲೈಫ್’ ಎಂಬ ಬೇರೊಂದು ಆಟದ ತಳಹದಿಯ ಮೇಲೆ ಇದನ್ನು ರಚಿಸಿದರು. ಅಮೆರಿಕದ ವಾಲ್ವ್ ಸಂಸ್ಥೆ ೨೦೦೦ದಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ‘ಕೌಂಟರ್-ಸ್ಟ್ರೈಕ್ ೨’ ಹೊರಬಂದುದು ೨೦೨೩ರಲ್ಲಿ. ಸ್ಪರ್ಧೆಯಲ್ಲಿ ಐದೈದು ಮಂದಿಯ ಎರಡು ತಂಡಗಳಿರುತ್ತವೆ. ಒಂದು ತಂಡ ಗೊತ್ತಾದ ಸ್ಥಳದಲ್ಲಿ ಬಾಂಬನ್ನು ಇಡಲು ಹವಣಿಸುತ್ತದೆ. ಇನ್ನೊಂದು ಅದನ್ನು ತಡೆಯುತ್ತದೆ. ಆಟಗಾರನು ತನ್ನ ಪಾತ್ರದ ಕಣ್ಣಿನಿಂದಲೇ ರಂಗವನ್ನು ಕಾಣುತ್ತಾನೆ. ಗುಂಡಿಗೆ ಬಲಿಯಾದವನು ಆ ಸುತ್ತು ಮುಗಿಯುವ ತನಕ ಹೊರಗುಳಿಯಬೇಕು. ಹೀಗಿರುವಲ್ಲಿ ಒಂದೊಂದು ಗುಂಡಿನ ತೀರ್ಪಿಗೂ ಬೆಲೆ ಉಂಟು.

ಹತ್ತು ಮಂದಿಯೂ ಹತ್ತು ಊರುಗಳಲ್ಲಿರಬಹುದು. ಅವರ ಯಂತ್ರಗಳೆಲ್ಲ ಸರ್ವರ್ ಎಂಬ ಒಂದು ಕೇಂದ್ರಯಂತ್ರಕ್ಕೆ ಸುದ್ದಿ ಕಳುಹಿಸುತ್ತವೆ. ಯಾರು ಎಲ್ಲಿದ್ದರು, ಗುಂಡು ಯಾರಿಗೆ ತಗುಲಿತು ಎಂಬುದನ್ನು ಸರ್ವರೇ ತೀರ್ಮಾನಿಸುತ್ತದೆ. ವಾಲ್ವ್ ಸಂಸ್ಥೆಯ ಸರ್ವರುಗಳು ಈ ಲೆಕ್ಕವನ್ನು ಸೆಕೆಂಡಿಗೆ ೬೪ ಸಲ, ಎಂದರೆ ಸುಮಾರು ೧೫.೬ ಮಿಲಿಸೆಕೆಂಡಿಗೊಮ್ಮೆ, ಮಾಡುತ್ತವೆ.

ವಿಳಂಬದ ಲೆಕ್ಕ

ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್. ಗಾಜಿನ ತಂತುವಿನ ವಕ್ರೀಭವನಾಂಕ ಸುಮಾರು ೧.೫ ಆಗಿರುವುದರಿಂದ ಅದರೊಳಗೆ ವೇಗ ೨ ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಬೆಂಗಳೂರಿನ ವಿದ್ಯಾರ್ಥಿಯೊಬ್ಬನು ಸಿಂಗಪುರದ ಸರ್ವರಿನಲ್ಲಿ ಆಡುತ್ತಿರುವನೆಂದು ಭಾವಿಸೋಣ. ದಾರಿಯ ಉದ್ದವನ್ನು ೩,೫೦೦ ಕಿಲೋಮೀಟರ್ ಎಂದಿಟ್ಟುಕೊಂಡರೆ, ಬೆಳಕು ಅಲ್ಲಿಗೆ ಹೋಗಲು ೧೭.೫ ಮಿಲಿಸೆಕೆಂಡು ಬೇಕು, ಹೋಗಿಬರಲು ೩೫. ಎಷ್ಟೇ ಹಣ ಸುರಿದರೂ ಇದೇ ದಾರಿಯಲ್ಲಿ ಈ ಕಾಲವನ್ನು ಕುಗ್ಗಿಸಲಾಗದು. ನಡುವಣ ಯಂತ್ರಗಳು ಸುದ್ದಿಯನ್ನು ತಡೆದು ಮುಂದಕ್ಕೆ ದಾಟಿಸುವುದರಿಂದ ವಾಸ್ತವವಾಗಿ ತಗಲುವ ಕಾಲ ಇನ್ನೂ ಹೆಚ್ಚು.

ಒಂದು ಕಡೆಯ ಪ್ರಯಾಣಕ್ಕೆ ೩೫ ಮಿಲಿಸೆಕೆಂಡು ಆಯಿತೆನ್ನೋಣ. ಇದರ ಮೇಲೆ, ಎದುರಾಳಿಗಳ ಚಲನೆ ಕುಪ್ಪಳಿಸುವಂತೆ ಕಾಣದಿರಲೆಂದು ಆಟಗಾರನ ಯಂತ್ರವು ಅವರನ್ನು ಉದ್ದೇಶಪೂರ್ವಕವಾಗಿ ಕೊಂಚ ಹಿಂದಿನ ಕಾಲದಲ್ಲಿ ತೋರಿಸುತ್ತದೆ. ಇದಕ್ಕೆ ೩೦ ಮಿಲಿಸೆಕೆಂಡು ಎಂದಿಡೋಣ. ಎದುರಾಳಿಯ ಚಿತ್ರ ನಮ್ಮನ್ನು ತಲಪಲು ೩೫, ತೆರೆಯ ಮೇಲೆ ಮೂಡಲು ೩೦, ನಮ್ಮ ಗುಂಡಿನ ಸುದ್ದಿ ಮರಳಿ ಸರ್ವರನ್ನು ಮುಟ್ಟಲು ೩೫: ಒಟ್ಟು ೧೦೦ ಮಿಲಿಸೆಕೆಂಡು. ಗುರಿಯಿಟ್ಟು ಗುಂಡಿ ಒತ್ತಲು ನಮ್ಮ ಕೈ ತೆಗೆದುಕೊಳ್ಳುವ ಕಾಲ ಇದರಲ್ಲಿ ಸೇರಿಲ್ಲ.

ಈ ಆಟದಲ್ಲಿ ಚಾಕು ಹಿಡಿದು ಓಡುವವನ ಗರಿಷ್ಠ ವೇಗ ಸೆಕೆಂಡಿಗೆ ೨೫೦ ಮಾನಗಳು. ಮೈಯ ಅಗಲ ೩೨ ಮಾನಗಳು. ೧೦೦ ಮಿಲಿಸೆಕೆಂಡಿನಲ್ಲಿ ಅವನು ೨೫ ಮಾನ ಸರಿದಿರುತ್ತಾನೆ, ಎಂದರೆ ತನ್ನ ಮೈಯಗಲದ ಮುಕ್ಕಾಲು ಪಾಲಿಗೂ ಮೇಲು. ಕಂಡಲ್ಲಿಗೆ ನೇರವಾಗಿ ಹೊಡೆದ ಗುಂಡು ಅವನ ಬೆನ್ನ ಹಿಂದಿನ ಬಯಲಿಗೆ ಹೋಗುವುದು ಸಹಜ.

ಕಾಲವನ್ನು ಹಿಂದಕ್ಕೆ ತಿರುಗಿಸುವುದು

ಇದಕ್ಕೆ ಕಂಡುಕೊಂಡ ಉಪಾಯವನ್ನು ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ ೨೦೦೧ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಆಟಗಾರರೆಲ್ಲರ ಇತ್ತೀಚಿನ ಸ್ಥಾನಗಳನ್ನು ಸರ್ವರು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಗುಂಡಿನ ಸುದ್ದಿ ಬಂದೊಡನೆ ತನ್ನ ಈಗಿನ ಕಾಲದಿಂದ ಪ್ರಯಾಣದ ವಿಳಂಬವನ್ನೂ ಚಿತ್ರದ ವಿಳಂಬವನ್ನೂ ಕಳೆಯುತ್ತದೆ. ಎಲ್ಲರನ್ನೂ ಆ ಹಿಂದಿನ ಕ್ಷಣದ ಸ್ಥಾನಗಳಲ್ಲಿ ನಿಲ್ಲಿಸಿ, ಗುಂಡು ತಗುಲುತ್ತಿತ್ತೇ ಎಂದು ನೋಡಿ, ಮತ್ತೆ ಅವರನ್ನು ಇದ್ದಲ್ಲಿಗೇ ತರುತ್ತದೆ. ಹೊಡೆದವನು ಏನನ್ನು ಕಂಡನೋ ಅದರಂತೆಯೇ ತೀರ್ಪು.

ಇದು ನ್ಯಾಯವೇ? ಹೊಡೆದವನಿಗೆ ನ್ಯಾಯ. ಗುರಿಯಾದವನ ಕಡೆಯಿಂದಲೂ ನೋಡೋಣ. ಆ ೧೦೦ ಮಿಲಿಸೆಕೆಂಡಿನಲ್ಲಿ ಅವನು ಓಡಿ ಗೋಡೆಯ ಮರೆಯನ್ನು ಸೇರಿಬಿಟ್ಟಿರಬಹುದು. ಸೇರಿದ ಮೇಲೆ ಅವನಿಗೆ ಸಾವಿನ ಸುದ್ದಿ ಬರುತ್ತದೆ! ಗುಂಡು ಗೋಡೆಯನ್ನು ಸುತ್ತಿ ಬಂದಂತೆ ಅವನಿಗೆ ತೋರುತ್ತದೆ. ಅವನ ದೂರು ಸುಳ್ಳಲ್ಲ. ಹೊಡೆದವನ ಹೇಳಿಕೆಯೂ ಸುಳ್ಳಲ್ಲ. ಮೂಲೆಯಿಂದ ಹಠಾತ್ತನೆ ಹೊರಬರುವವನು ಕಾದು ನಿಂತವನಿಗಿಂತ ಮುಂಚೆ ಎದುರಾಳಿಯನ್ನು ಕಾಣುವುದಕ್ಕೂ ಕಾರಣ ಇದೇ. ಅವನ ಚಲನೆ ಅವನ ತೆರೆಯ ಮೇಲೆ ಕೂಡಲೆ ಮೂಡುತ್ತದೆ. ಕಾದವನ ತೆರೆಗೆ ಸರ್ವರಿನ ಮೂಲಕ ತಡವಾಗಿ ಬರುತ್ತದೆ.

‘ಕೌಂಟರ್-ಸ್ಟ್ರೈಕ್ ೨’ರಲ್ಲಿ ಗುಂಡಿ ಒತ್ತಿದ ನಿಖರ ಕ್ಷಣವನ್ನು, ಅದು ಎರಡು ಲೆಕ್ಕಗಳ ನಡುವೆ ಬಿದ್ದರೂ, ದಾಖಲಿಸುವ ಏರ್ಪಾಡು ಉಂಟು. ಇದರಿಂದ ೧೫.೬ ಮಿಲಿಸೆಕೆಂಡಿನ ಒರಟುತನ ತಗ್ಗುತ್ತದೆ; ದೂರದಿಂದ ಹುಟ್ಟಿದ ವಿಳಂಬವು ತಗ್ಗುವುದಿಲ್ಲ.

ಭೌತವಿಜ್ಞಾನದ ಪಾಠ

೧೯೦೫ರಲ್ಲಿ ಐನ್‌ಸ್ಟೈನರು ದೂರದ ಎರಡು ಗಡಿಯಾರಗಳನ್ನು ಹೊಂದಿಸುವ ಬಗೆಯನ್ನು ಹೇಳುವಾಗ, ಬೆಳಕು ಹೋಗುವ ಕಾಲವೂ ಬರುವ ಕಾಲವೂ ಸಮವೆಂದು ಇಟ್ಟುಕೊಂಡರು. ಹೋಗಿಬರುವ ಕಾಲವನ್ನು ಅಳೆದು ಅರ್ಧಿಸುವಾಗ ನಾವೂ ಅದನ್ನೇ ಮಾಡುತ್ತೇವೆ. ಆದರೆ ಆಟದ ಈ ತೊಡಕು ಸಾಪೇಕ್ಷತಾ ಸಿದ್ಧಾಂತದ ಪರಿಣಾಮವೆಂದು ವಾಚಕರು ಭ್ರಮಿಸಬಾರದು. ಇಲ್ಲಿ ಯಾರೂ ಬೆಳಕಿನ ವೇಗದ ಸಮೀಪಕ್ಕೆ ಓಡುತ್ತಿಲ್ಲ. ಸುದ್ದಿಯ ವೇಗಕ್ಕೆ ಮಿತಿಯಿದೆ ಎಂಬ ಒಂದೇ ಸಂಗತಿ ಇಷ್ಟನ್ನೆಲ್ಲ ಉಂಟುಮಾಡುತ್ತದೆ.

ನೆನಪಿಡಬೇಕಾದ ತತ್ತ್ವವಿಷ್ಟು: ಉಪಾಯದಿಂದ ವಿಳಂಬವನ್ನು ನಾಶಮಾಡಲಾಗದು, ಅದರ ಭಾರವನ್ನು ಯಾರು ಹೊರಬೇಕೆಂದು ಆರಿಸಿಕೊಳ್ಳಬಹುದು, ಅಷ್ಟೆ. ಹಿಂದಕ್ಕೆ ತಿರುಗಿಸದಿದ್ದರೆ ಹೊಡೆಯುವವನು ಹೊರಬೇಕು. ತಿರುಗಿಸಿದರೆ ಗುರಿಯಾದವನು ಹೊರಬೇಕು. ಭಾರವನ್ನೇ ಕಡಮೆ ಮಾಡಬೇಕಾದರೆ ಸರ್ವರನ್ನು ಹತ್ತಿರಕ್ಕೆ ತರಬೇಕು.

ಅಭ್ಯಾಸಕ್ಕೆ ಒಂದು ಲೆಕ್ಕ: ತಂತುವಿನ ದಾರಿ ೧,೦೦೦ ಕಿಲೋಮೀಟರ್ ಆದರೆ ಬೆಳಕಿಗೆ ಹೋಗಿಬರಲು ಎಷ್ಟು ಕಾಲ ಬೇಕು? ಅಷ್ಟರಲ್ಲಿ, ಮೇಲೆ ಹೇಳಿದ ಗರಿಷ್ಠ ವೇಗದಲ್ಲಿ ಓಡುವವನು ತನ್ನ ಮೈಯಗಲದ ಎಷ್ಟನೆಯ ಪಾಲು ಸರಿಯುತ್ತಾನೆ? ಉತ್ತರವನ್ನು ಕಂಡುಕೊಂಡವರಿಗೆ ಹತ್ತಿರದ ಸರ್ವರಿನ ಬೆಲೆ ತಾನಾಗಿಯೇ ತಿಳಿಯುತ್ತದೆ.